ಬುಟ್ಟಿ ಎತ್ತುವ ಎತ್ತರ



ಎಂಜಿನಿಯರಿಂಗ್‌ನವರಿಗೂ ಫಾರಿನ್‌ಗೂ ಏನು ನಂಟು ಅಂದರೆ ವೀಸಾ, ಬ್ಯಾಂಕಿನ ಸಾಲ, ಏರ್‌ಪೋರ್ಟಿನ ಫೋಟೊ ಅಂತೀವಿ. ಸಂಕೇಶ್ವರದ ಉದ್ಯಮಿ ಗುರುರಾಜ ದೇಶಪಾಂಡೆಯವರೂ ಮದ್ರಾಸ್ ಐಐಟಿ ಮುಗಿಸಿ ಕೆನಡಾಕ್ಕೆ ಹೋದವರೇ. ಆದರೆ ಒಬ್ಬರು ಹೋಗೋದು ಬೇರೆ, ಪಾಠ ಮಾಡುವ ರೀತಿ ಇಲ್ಲಿಗೆ ಬರೋದು ಬೇರೆ. 2007ರಲ್ಲಿ ಅಮೆರಿಕದ ಪ್ರೊಫೆಸರ್ ಕೃಷ್ಣ ವೇದುಲ ಐಯುಸಿಇಇ, ಅಂದರೆ ಎಂಜಿನಿಯರಿಂಗ್ ಶಿಕ್ಷಣದ ಭಾರತ-ಅಮೆರಿಕ ಸಹಯೋಗ, ಶುರುಮಾಡಿದಾಗ ಕಲಿಸಲು ಹೊರಟಿದ್ದು ಮೇಷ್ಟ್ರುಗಳಿಗೇ. 1947ರಲ್ಲಿ ಹುಟ್ಟಿದ ನಮ್ಮ ಹುಬ್ಬಳ್ಳಿಯ ಬಿವಿಬಿ ಕಾಲೇಜು, ಅಂದರೆ ಈಗಿನ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, ಆ ಬಳಗಕ್ಕೆ ಸೇರಿತು.

ನಾನು ಕಲಿಸುತ್ತಿದ್ದದ್ದು ಬೇರೊಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ. ಒಮ್ಮೆ ಅಲ್ಲಿಗೆ ಬಂದ ವಿದೇಶಿ ಮೇಷ್ಟ್ರನ್ನು ಗೋವಿನಜೋಳದ ರಾಶಿ ನಡೆದಿದ್ದ ಕಣಕ್ಕೆ ಕರಕೊಂಡು ಹೋದೆ. ನನ್ನ ಹುಡುಗರು ಮೋಟರಿನ ಎಚ್‌ಪಿ ಬರಕೊಳ್ಳುತ್ತಿದ್ದರೆ ಅವರು ಬುಟ್ಟಿ ಎತ್ತುತ್ತಿದ್ದ ಹೆಂಗಸಿನ ಹತ್ತಿರ ಹೋಗಿ, ನೋವು ಎಲ್ಲಿ ಅಂತ ಕೇಳಿಸಿದರು. ಆಕೆ ಭುಜ ಮುಟ್ಟಿ ತೋರಿಸಿದಳು: "ಬಾಯಿ ಭಾಳ ಎತ್ತರ ಐತ್ರಿ." ತೆನೆ ಸುರಿಯುವ ಮಷೀನಿನ ಬಾಯಿ ಆಕೆಯ ತಲೆಗಿಂತ ಮೇಲಿತ್ತು. ಹುಡುಗರು ಟೇಪ್ ಹಿಡಿದದ್ದು ಆಮೇಲೆ. ಎದೆಮಟ್ಟಕ್ಕೆ ಇಳಿಸಿ ಒಂದು ಮಾದರಿ ಕಟ್ಟಿದರು.

ಸೆಮಿಸ್ಟರ್ ಪರೀಕ್ಷೆಯಲ್ಲಿ ಅದಕ್ಕೆ ಬಂದ ಅಂಕ ಸೊನ್ನೆ. ಯಾರ ತಪ್ಪೂ ಅಲ್ಲ. ನಮ್ಮಂಥ ಸಂಯೋಜಿತ ಕಾಲೇಜಿನ ಪಠ್ಯ, ಪ್ರಶ್ನೆಪತ್ರಿಕೆ ವಿಶ್ವವಿದ್ಯಾಲಯದಿಂದ ಬರುತ್ತವೆ; ನಾನು ಕಲಿಸಿದ್ದನ್ನು ನಾನೇ ಅಳೆಯುವ ಹಾಗಿರಲಿಲ್ಲ. ಅದಕ್ಕೇ ಸ್ವಾಯತ್ತತೆ ಬೇಕು. ಅದು ಬೇಕು ಅನ್ನೋದಕ್ಕೆ ಇನ್ನೊಂದು ಕಾರಣವೂ ಇದೆ.

2014ರ ಜೂನಿನಲ್ಲಿ ಭಾರತ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯ ಆಯಿತು. ನಮ್ಮ ರಾಷ್ಟ್ರೀಯ ಮಾನ್ಯತಾ ಮಂಡಳಿಯ (ಎನ್‌ಬಿಎ) ಮಾನ್ಯತೆ ಪಡೆದ ಎಂಜಿನಿಯರಿಂಗ್ ಪದವಿಯನ್ನು ಉಳಿದ ಸದಸ್ಯ ದೇಶಗಳೂ ಸರಿಸಮ ಅಂತ ಒಪ್ಪುತ್ತವೆ. ಆದರೆ ಆ ಮಾನ್ಯತೆ ಇಡೀ ಕಾಲೇಜಿಗಲ್ಲ, ಒಂದೊಂದು ಬ್ರಾಂಚಿಗೆ. ಅದೂ ಟಯರ್-1 ಆಗಿರಬೇಕು, ಅಂದರೆ ಸ್ವಾಯತ್ತ ಕಾಲೇಜು ಇಲ್ಲವೇ ವಿಶ್ವವಿದ್ಯಾಲಯದ್ದು. ಅವಧಿಯೂ ಮುಗಿಯುತ್ತದೆ, ನಮ್ಮ ಟ್ರ್ಯಾಕ್ಟರಿನ ಇನ್ಶೂರೆನ್ಸಿನ ಹಾಗೆ.

ಸಿಇಟಿ ಮುಗಿಸಿ ಮಕ್ಕಳನ್ನು ಸೇರಿಸಲು ಹೋದಾಗ ಪ್ರಿನ್ಸಿಪಾಲರ ಗೋಡೆ ಮೇಲೆ ವಿದೇಶಿ ಒಡಂಬಡಿಕೆಯ ಫೋಟೊ ಸಾಲಾಗಿ ಕಾಣುತ್ತವೆ, ಚಂದ ಇರತಾವ, ನೋಡ್ರಿ. ನೋಡಿ ಆದ ಮೇಲೆ, ಈ ಬ್ರಾಂಚಿಗೆ ಟಯರ್-1 ಮಾನ್ಯತೆ ಐತೇನ್ರೀ, ಯಾವ ವರ್ಷದ ತನಕ ಐತಿ ಅಂತ ಕೇಳ್ರಿ.