ಸೆಲೆಯ ಬಾಯಿ, ಗುಡ್ಡದ ಹೊಟ್ಟೆ



ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳಿದ್ದಾರೆ. ಯಾರ ಜೊತೆಯಲ್ಲಿ ಸುತ್ತಬೇಕೆಂದು ಹೇಳಿಲ್ಲ. ವಯಸ್ಸಾದವರು, ಬಲ್ಲವರು ಜೊತೆಗಿದ್ದರೆ ನಾಲ್ಕು ಮಾತು ಕಲಿಯಬಹುದು ಎಂಬುದು ನಮ್ಮ ಸಾಮಾನ್ಯ ನಂಬಿಕೆ. ಆದರೆ ಅರಿವಿಗೆ ವಯಸ್ಸಿನ ಕಟ್ಟಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಸೋದರಳಿಯ ಚನ್ನಬಸವಣ್ಣನವರು ವಯಸ್ಸಿನಲ್ಲಿ ಕಿರಿಯರು; ಆದರೂ ಶರಣ ಪರಂಪರೆ ಅವರನ್ನು ಷಟ್‌ಸ್ಥಲ ಜ್ಞಾನಿ ಎಂದು ಗೌರವಿಸಿತು. ಪ್ರಯಾಣದಲ್ಲಿ ಕಿರಿಯ ಗೆಳೆಯನೊಬ್ಬನಿಂದ ನನಗೆ ದೊರೆತ ಮಾತೊಂದನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಗದಗ ಜಿಲ್ಲೆಯ ಗಜೇಂದ್ರಗಡ ಗುಡ್ಡ, ಕೋಟೆ, ಕೈಮಗ್ಗಗಳ ಊರು. 1787ರಲ್ಲಿ ಮರಾಠರಿಗೂ ಟಿಪ್ಪು ಸುಲ್ತಾನನಿಗೂ ಆದ ಒಪ್ಪಂದಕ್ಕೆ ಈ ಊರಿನದೇ ಹೆಸರು. ಸಮೀಪದ ಗುಡ್ಡದ ಮಗ್ಗುಲಲ್ಲಿ ಕಾಲಕಾಲೇಶ್ವರನ ಗುಡಿಯಿದೆ. ಅಲ್ಲಿಯ ಅಂತರಗಂಗೆ ಹೆಸರಾದದ್ದು. ಮರದ ಬೇರುಗಳ ನಡುವಿನಿಂದ ನೀರು ಒಸರಿ ಹೊಂಡಕ್ಕೆ ಬೀಳುತ್ತದೆ. ಬೇಸಿಗೆಯಲ್ಲೂ ನಿಲ್ಲುವುದಿಲ್ಲವೆಂದು ಭಕ್ತರು ಕೈಮುಗಿಯುತ್ತಾರೆ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಸೀಮೆಯಲ್ಲಿ ಅದು ಸೋಜಿಗವೇ ಸರಿ.

ನನ್ನೊಡನೆ ಬಂದಿದ್ದವನು ಆ ಊರಿನ ನೇಕಾರರ ಮನೆಯ ಹುಡುಗ. ನನಗಿಂತ ಇಪ್ಪತ್ತು ವರ್ಷ ಚಿಕ್ಕವನು. ಹೊಂಡದ ಬಳಿ ನಿಂತು ಅವನಿಗೆ ಸೆಲೆಯ ಕಾರಣ ಹೇಳುತ್ತಿದ್ದೆ. ಮೇಲೆ ಬಿದ್ದ ಮಳೆ ಕಲ್ಲಿನ ಬಿರುಕುಗಳಲ್ಲಿ ಇಳಿಯುತ್ತದೆ. ಕೆಳಗೆ ನೀರು ಬಿಡದ ಗಟ್ಟಿ ಪದರ ಎದುರಾದಾಗ ಪಕ್ಕಕ್ಕೆ ಸರಿದು, ಗುಡ್ಡದ ಮಗ್ಗುಲಲ್ಲಿ ದಾರಿ ಸಿಕ್ಕಲ್ಲಿ ಹೊರಬರುತ್ತದೆ. ಈ ಪಯಣ ಬಹಳ ನಿಧಾನ. ಆದ್ದರಿಂದಲೇ ಮಳೆ ನಿಂತ ಮೇಲೂ ಸೆಲೆ ನಿಲ್ಲುವುದಿಲ್ಲ.

ಹುಡುಗ ತಲೆಯಾಡಿಸಿದ. "ಖರೇ ಐತ್ರಿ ಅಣ್ಣಾರ. ಸೆಲಿ ಬಾಯಿ ನೋಡಿದ್ರಿ. ಇನ್ನ ಅದರ ಹೊಟ್ಟಿ ನೋಡೂಣು, ಮ್ಯಾಲೆ ಬರ್ರಿ" ಎಂದ.

ಗುಡ್ಡದ ನೆತ್ತಿಯಲ್ಲಿ ಯಾತ್ರಿಕರು ನೋಡುವಂಥದ್ದೇನೂ ಇರಲಿಲ್ಲ. ಒಣಹುಲ್ಲು, ಕುರುಚಲು ಗಿಡ, ಬಿರುಕುಬಿಟ್ಟ ಕಲ್ಲು; ದೂರದಲ್ಲಿ ತಿರುಗುವ ಗಾಳಿಯಂತ್ರಗಳು. ಅವನು ಕಲ್ಲಿನ ಮೇಲೆ ಕುಳಿತು ಹೇಳಿದ: "ಕೆಳಗ ಎಲ್ಲಾರೂ ಕೈ ಮುಗೀತಾರ, ಇಲ್ಲಿ ಯಾರೂ ಮುಗಿಯೂದಿಲ್ಲ. ಈ ಹುಲ್ಲು ಹೋತಂದ್ರ ಮಳಿ ನಿಲ್ಲೂದಿಲ್ರಿ, ಹರದು ಹೋಗತೈತಿ. ನಮ್ಮನ್ಯಾಗ ಅಪ್ಪ ಮಗ್ಗದ ಮ್ಯಾಲೆ ಕುಂತಿದ್ದು ಎಲ್ಲಾರಿಗೂ ಕಾಣತೈತಿ. ಅವ್ವ ಕಂಡಿಕಿ ಸುತ್ತೂದು ಯಾರಿಗೂ ಕಾಣೂದಿಲ್ಲ. ಕಂಡಿಕಿ ಇಲ್ಲಂದ್ರ ಸೀರಿ ಎಲ್ಲೈತ್ರಿ?"

ಸೆಲೆಯ ಕಾರಣ ಪುಸ್ತಕದಲ್ಲಿದೆ. ಸೆಲೆಯ ಋಣ ಯಾರಿಗೆ ಸಲ್ಲಬೇಕು ಎಂಬುದನ್ನು ಅವನು ತನ್ನ ಮನೆಯಲ್ಲೇ ಕಲಿತಿದ್ದ.

ಅವನ ಮಾತಿಗೆ ಲೆಕ್ಕದ ಬೆಂಬಲವೂ ಇದೆ. 600 ಮಿಲಿಮೀಟರ್ ಮಳೆಯೆಂದರೆ ಒಂದು ಎಕರೆಯ ಮೇಲೆ ವರ್ಷಕ್ಕೆ ಸುಮಾರು 24 ಲಕ್ಷ ಲೀಟರ್ ನೀರು. ಬೋಳು ಇಳಿಜಾರಿನಲ್ಲಿ ಅದು ಮಣ್ಣನ್ನೂ ಎಳೆದುಕೊಂಡು ಓಡುತ್ತದೆ. ಹುಲ್ಲು, ಪೊದೆ, ಇಳಿಜಾರಿಗೆ ಅಡ್ಡಲಾಗಿ ಹಾಕಿದ ಬದು ಇದ್ದರೆ ನೀರಿನ ಓಟ ತಗ್ಗುತ್ತದೆ. ಒಂದು ಪಾಲು ನೆಲಕ್ಕೆ ಇಳಿಯುತ್ತದೆ. ಇಂದು ಬೊಗಸೆಯಲ್ಲಿ ಹಿಡಿಯುವ ನೀರು ಹಿಂದೆಂದೋ ಬಿದ್ದ ಮಳೆ. ಇಂದು ನೆತ್ತಿಯ ಮೇಲೆ ನಾವು ಉಳಿಸಿಕೊಂಡದ್ದು ಮುಂದಿನವರ ನೀರು.

ಬರದ ವರ್ಷಗಳಲ್ಲಿ ನಮ್ಮ ಕ್ಯಾಮೆರಾಗಳು ಬತ್ತಿದ ನಲ್ಲಿಯ ಮುಂದಿನ ಖಾಲಿ ಕೊಡಗಳ ಸಾಲನ್ನು ತೋರಿಸುತ್ತವೆ. ತೋರಿಸಲೇಬೇಕಾದ ಚಿತ್ರವದು. ಅದರ ಜೊತೆಗೆ ಕೆರೆಗೆ ನೀರು ತರುವ ಹಳ್ಳವನ್ನೂ, ಹಳ್ಳ ಹುಟ್ಟುವ ದಿಬ್ಬವನ್ನೂ ತೋರಿಸಿದರೆ ಮಾತ್ರ ಕಥೆ ಪೂರ್ತಿಯಾಗುತ್ತದೆ. ನೋಡಲು ಅಲ್ಲೇನೂ ಇಲ್ಲವೆಂಬ ಕಾರಣಕ್ಕೇ ಅಂಥ ಜಾಗಗಳಲ್ಲಿ ಕಲ್ಲು ಒಡೆಯುವುದೂ ಕಸ ಸುರಿಯುವುದೂ ಸುಲಭವಾಗಿಬಿಡುತ್ತದೆ.

ನಿಮ್ಮೂರಿನಲ್ಲೂ ಒಂದು ಕೆರೆಯೋ ಬಾವಿಯೋ ಸೆಲೆಯೋ ಇರುತ್ತದೆ. ಮಳೆಗಾಲಕ್ಕೆ ಮುಂಚೆ ಒಂದು ದಿನ ಅದರ ನೀರು ಬರುವ ದಾರಿ ಹಿಡಿದು ಮೇಲಕ್ಕೆ ನಡೆಯಿರಿ. ಮನೆಯ ಹುಡುಗರನ್ನು ಕರೆದುಕೊಂಡು ಹೋಗಿ. ಅವರಿಗೆ ತೋರಿಸುವುದು ಎಷ್ಟಿದೆಯೋ, ಅವರಿಂದ ಕೇಳುವುದೂ ಅಷ್ಟೇ ಇದೆ.