ಮೊದಲೇ ಕೊಂಡವರು ಮತ್ತೆ ಪೂರ್ತಿ ದುಡ್ಡು ಯಾಕೆ ಕೊಡಬೇಕು?

ಇವತ್ತು ಒಂದು ಸಣ್ಣ ಲೆಕ್ಕ. ನೀವು ಒಮ್ಮೆ ದುಡ್ಡು ಕೊಟ್ಟು ತಗೊಂಡ ಗೇಮ್ ಹೊಸ ಗ್ರಾಫಿಕ್ಸ್ ಹಾಕ್ಕೊಂಡು ಮತ್ತೆ ಮಾರಾಟಕ್ಕೆ ಬಂದ್ರೆ, ನಿಮ್ಮ ಹತ್ರ ಎಷ್ಟು ತಗೊಳ್ಳೋದು ನ್ಯಾಯ?

‘ದಿ ಲಾಸ್ಟ್ ಆಫ್ ಅಸ್’ ನೋಡಿ. 2013ರಲ್ಲಿ ಪಿಎಸ್3ಗೆ ಬಂತು. 2014ರಲ್ಲೇ ಪಿಎಸ್4ಗೆ ರೀಮಾಸ್ಟರ್. 2022ರಲ್ಲಿ ಪಿಎಸ್5ಗೆ ಹೊಸದಾಗಿ ಕಟ್ಟಿದ ‘ಪಾರ್ಟ್ 1’, ಇಲ್ಲಿ ಬೆಲೆ 4,999 ರೂಪಾಯಿ. ಕಥೆ ಅದೇ, ಹಳೆಯದರಲ್ಲಿದ್ದ ಮಲ್ಟಿಪ್ಲೇಯರ್ ಇಲ್ಲ. ಹಿಂದೆ ಎರಡು ಸಲ ಕೊಂಡವನಿಗೂ 4,999, ಮೊದಲ ಸಲ ಹೆಸರು ಕೇಳಿದವನಿಗೂ 4,999.

ಮೂಡುಬಿದಿರೆ, ಬೆಳ್ತಂಗಡಿ ಕಡೆಯ ಎಷ್ಟೋ ಕಾಲೇಜು ಹುಡುಗರು ರಜೆಯಲ್ಲಿ ಕ್ಯಾಟರಿಂಗ್‌ಗೆ ಹೋಗ್ತಾರೆ. ಎಷ್ಟು ಮದುವೆಗೆ ಬಡಿಸಿದ್ರೆ ಇಷ್ಟು ದುಡ್ಡಾಗ್ತದೆ ಅಂತ ಅವರನ್ನೇ ಕೇಳಿ ಮಾರಾಯ್ರೆ.

ಬಿಕಾಂನಲ್ಲಿ ‘ಸ್ಕಿಮ್ಮಿಂಗ್’ ಅಂತ ಒಂದು ಪಾಠ ಉಂಟು. ಹಾಲಿನ ಕೆನೆ ತೆಗೆದ ಹಾಗೆ, ಕಾಯಲಿಕ್ಕೆ ಆಗದವರಿಂದ ಮೊದಲು ಜಾಸ್ತಿ ತಗೊಂಡು, ಆಮೇಲೆ ಬೆಲೆ ಇಳಿಸೋದು. ಅದು ವ್ಯಾಪಾರ, ತಪ್ಪಲ್ಲ. ಆದ್ರೆ ಅದೇ ಹಾಲಿನಿಂದ ಮತ್ತೆ ಮತ್ತೆ ಕೆನೆ ತೆಗೆದ್ರೆ?

ನಮ್ಮ ಕನ್ನಡ ಪುಸ್ತಕದವರು ಉಲ್ಟಾ ಮಾಡ್ತಾರೆ. ಪ್ರಕಟಣಪೂರ್ವ ಬೆಲೆ ಅಂತ ಇರ್ತದೆ. ಪುಸ್ತಕ ಅಚ್ಚಾಗುವ ಮೊದಲೇ ನಂಬಿ ದುಡ್ಡು ಕೊಟ್ಟವನಿಗೆ ಕಮ್ಮಿ ಬೆಲೆ. ಗೇಮ್‌ನಲ್ಲಿ ನಂಬಿದವನೇ ಜಾಸ್ತಿ ಕೊಡೋದು.

ಕಂಪನಿಯವರ ಮಾತಲ್ಲೂ ಹುರುಳಿದೆ. ನೀವು ವರ್ಷಗಟ್ಟಲೆ ಆಡಿ ಖುಷಿಪಟ್ಟಿದ್ದೀರಿ, ಹೊಸ ಕೆಲಸ ಮಾಡಿದವರಿಗೆ ಸಂಬಳ ಬೇಡ್ವಾ? ಖಂಡಿತ ಬೇಕು. ಹಾಗಾದ್ರೆ ಹೊಸ ಕೆಲಸಕ್ಕೆ ಮಾತ್ರ ದುಡ್ಡು ಕೇಳಿ. ಕಥೆಗೆ, ಧ್ವನಿಗೆ, ಸಂಗೀತಕ್ಕೆ ನಾವು ಆಗಲೇ ಕೊಟ್ಟಾಗಿದೆ.

ಇದು ಆಗದ ಮಾತೇನಲ್ಲ. ಅದೇ ಸೋನಿ 2024ರಲ್ಲಿ ‘ಪಾರ್ಟ್ 2’ ರೀಮಾಸ್ಟರ್ ತಂದಾಗ ಹೊಸಬರಿಗೆ ಸುಮಾರು 50 ಡಾಲರ್, ಪಿಎಸ್4 ಆವೃತ್ತಿ ಇದ್ದವರಿಗೆ 10 ಡಾಲರ್ ಇಟ್ಟಿತು. 2015ರ ‘ವಿಚರ್ 3’ಗೆ 2022ರ ಡಿಸೆಂಬರ್‌ನಲ್ಲಿ ಬಂದ ದೊಡ್ಡ ಅಪ್‌ಡೇಟ್ ಹಳಬರಿಗೆ ಪೂರ್ತಿ ಉಚಿತ. 2016ರ ‘ಸ್ಕೈರಿಮ್’ ವಿಶೇಷ ಆವೃತ್ತಿ, ಎಲ್ಲ ಡಿಎಲ್‌ಸಿ ಇದ್ದ ಪಿಸಿಯವರಿಗೆ ಉಚಿತ, ಕನ್ಸೋಲ್‌ನವರಿಗೆ ಪೂರ್ತಿ ಬೆಲೆ. ಒಂದೇ ಗೇಮ್, ಎರಡು ಅಳತೆ!

ಇನ್ನೊಂದು ವಿಷಯ, ಹಳೆಯದನ್ನು ಅಂಗಡಿಯಿಂದ ತೆಗೀಬಾರದು. 2021ರಲ್ಲಿ ‘ಜಿಟಿಎ ಟ್ರೈಲಜಿ’ ಬರುವಾಗ ಹಳೆ ಮೂರು ಗೇಮ್‌ಗಳನ್ನು ಡಿಜಿಟಲ್ ಅಂಗಡಿಗಳಿಂದ ತೆಗೆದ್ರು. ಹೊಸದು ತುಂಬ ಬಗ್‌ಗಳೊಂದಿಗೆ ಬಂತು, ಜನ ಬೈದ್ರು. ಕೊನೆಗೆ ರಾಕ್‌ಸ್ಟಾರ್ ಕ್ಷಮೆ ಕೇಳಿ, ಹಳೆ ಪಿಸಿ ಆವೃತ್ತಿಗಳನ್ನು ತನ್ನ ಅಂಗಡಿಗೆ ವಾಪಸ್ ತರ್ತೇವೆ ಅಂತ ಹೇಳಬೇಕಾಯ್ತು. ಅಂದ್ರೆ ನಾವು ಬಾಯಿ ಬಿಟ್ರೆ ಕೇಳ್ತದೆ.

ಈಗ ನೀವು ಮಾಡಬಹುದಾದದ್ದು. ರೀಮಾಸ್ಟರ್ ಅಂತ ಸುದ್ದಿ ಬಂದ ಕೂಡ್ಲೆ ಹಳೆ ಡಿಸ್ಕ್ ಮಾರಬೇಡಿ. ‘ಪಾರ್ಟ್ 2’ರ 10 ಡಾಲರ್ ಅಪ್‌ಗ್ರೇಡ್‌ಗೆ ಡಿಸ್ಕ್‌ನವರು ಅದೇ ಡಿಸ್ಕ್ ಹಾಕ್ಬೇಕು. ಡಿಸ್ಕ್ ಡ್ರೈವ್ ಇಲ್ಲದ ಪಿಎಸ್5 ತಗೊಂಡ್ರೆ ಆ ದಾರಿ ಬಂದ್! ಪ್ರೀ-ಆರ್ಡರ್ ಒತ್ತುವ ಮೊದಲು ಹಳಬರಿಗೆ ಎಷ್ಟು ಬೆಲೆ ಅಂತ ನೋಡಿ. ಒಂದೇ ಬೆಲೆ ಅಂತಾದ್ರೆ ಆರು ತಿಂಗಳು ಕಾಯಿರಿ. ಕಥೆ ಗೊತ್ತಿರೋದೇ ಅಲ್ವಾ, ಅರ್ಜೆಂಟ್ ಎಂತದ್ದು?

ನೀವು ಎರಡು ಸಲ ಕೊಂಡ ಗೇಮ್ ಯಾವ್ದು, ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗುವ.