ಎರಡು ದೂರದ ನುಡಿಗಳು: ಜಪಾನಿ ಮತ್ತು ಲಾವೊ
(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ಸಂಘದ ವೇದಿಕೆಯಲ್ಲಿ ನಿಂತು ಜಪಾನಿ, ಲಾವೊ ಎಂಬ ಎರಡು ದೂರದ ನುಡಿಗಳ ಮಾತನ್ನು ಎತ್ತಿಕೊಂಡೆವೆಂದರೆ ನಿಮ್ಮಲ್ಲಿ ಕೆಲವರಿಗೆ ಸೋಜಿಗವಾದೀತು. ನಮ್ಮೂರ ಜಾತ್ರೆಗೆ ಬಂದು ಪರವೂರ ತೇರಿನ ಕಥೆ ಹೇಳುತ್ತಾರಲ್ಲಾ ಎಂದು ನಗಲೂಬಹುದು. ಆದರೆ ನಮ್ಮ ಮನೆಯ ಗೋಡೆ ಎಲ್ಲಿ ಗಟ್ಟಿ, ಎಲ್ಲಿ ಸೋರುತ್ತದೆ ಎಂಬುದು ತಿಳಿಯಬೇಕಾದರೆ ಒಮ್ಮೊಮ್ಮೆ ಬೀದಿಯಲ್ಲಿ ನಿಂತು ನೋಡಬೇಕಾಗುತ್ತದೆ. ಈ ಎರಡು ನುಡಿಗಳನ್ನು ವಿದ್ಯಾರ್ಥಿಯ ಕುತೂಹಲದಿಂದ ಓದಿ ಕಂಡುಕೊಂಡಷ್ಟನ್ನು ನಿಮ್ಮ ಮುಂದಿಡುತ್ತೇವೆ.

ಜಪಾನಿ ದ್ವೀಪವಾಸಿಗಳ ಭಾಷೆ; ಲಾವೊ ಮೆಕಾಂಗ್ ನದಿಯ ಎರಡು ದಡಗಳ ಭಾಷೆ, ಥಾಯ್ ನುಡಿಗೆ ಒಡಹುಟ್ಟು. ಇವೆರಡಕ್ಕೂ ತಮ್ಮತಮ್ಮೊಳಗೆ ರಕ್ತಸಂಬಂಧವಿಲ್ಲ. ಆದರೆ ಎರಡೂ ಸಾಲ ಮಾಡಿ ಸಂಸಾರ ಬೆಳೆಸಿದವು. ಜಪಾನಿಗೆ ಚೀನಾ ಸಾಲ ಕೊಟ್ಟಿತು. ಲಾವೊ ಭಾಷೆಗೆ ನಮ್ಮ ಭಾರತ ಕೊಟ್ಟಿತು.

ಮೊದಲು ವಾಕ್ಯದ ನಡಿಗೆಯನ್ನು ನೋಡೋಣ. 'ನಾನು ಅನ್ನವನ್ನು ತಿನ್ನುತ್ತೇನೆ' ಎಂಬುದಕ್ಕೆ ಜಪಾನಿಯರು 'ವಾತಾಶಿ ವಾ ಗೋಹಾನ್ ಓ ತಾಬೆರು' ಎನ್ನುತ್ತಾರೆ. ಕರ್ತೃ ಮೊದಲು, ಕರ್ಮ ನಡುವೆ, ಕ್ರಿಯಾಪದ ಕೊನೆಗೆ. 'ಓ' ಎಂಬುದು ನಮ್ಮ 'ಅನ್ನು' ಪ್ರತ್ಯಯದಂತೆ ನಾಮಪದದ ಹಿಂದೆ ಬರುತ್ತದೆ. 'ಕಾರೆ ವಾ ಕುರು ತೊ ಇತ್ತಾ' ಎಂದರೆ 'ಅವನು ಬರುತ್ತೇನೆ ಎಂದು ಹೇಳಿದ'. 'ತೊ' ಎಂಬುದು ನಮ್ಮ 'ಎಂದು' ಇದ್ದ ಜಾಗದಲ್ಲೇ ಇದೆ. ಇದಕ್ಕಿಂತ ಸೊಗಸಾದ ಮಾತೊಂದಿದೆ. 'ತಾಬೆತೆ' ಎಂದರೆ ತಿಂದು, 'ಮಿರು' ಎಂದರೆ ನೋಡು. 'ತಾಬೆತೆ ಮಿರು' ಎಂದರೆ ರುಚಿ ಪರೀಕ್ಷಿಸುವುದು. ನಮ್ಮ ಅಡಿಗೆಮನೆಯ 'ತಿಂದು ನೋಡು' ಎಂಬ ಮಾತೇ! ಇಂಥ ಹೋಲಿಕೆಗಳನ್ನು ಕಂಡು ಓನೊ ಸುಸುಮು (1919–2008) ಎಂಬ ಜಪಾನಿ ವಿದ್ವಾಂಸರು ತಮ್ಮ ನುಡಿಗೂ ತಮಿಳಿಗೂ ನಂಟುಂಟೆಂದು ವಾದಿಸಿದರು. ಭಾಷಾಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಅದನ್ನು ಒಪ್ಪಲಿಲ್ಲ. ನಡಿಗೆ ಒಂದೇ ಆದ ಮಾತ್ರಕ್ಕೆ ಇಬ್ಬರು ಒಂದೇ ತಾಯಿಯ ಮಕ್ಕಳಾಗಬೇಕಾಗಿಲ್ಲವಷ್ಟೆ.

ಲಾವೊ ನುಡಿಯ ನಡಿಗೆ ಬೇರೆ. 'ಖೊಯ್ ಕಿನ್ ಖಾವ್' ಎಂದರೆ ಪದಶಃ 'ನಾನು ತಿನ್ನು ಅನ್ನ'. ಪ್ರತ್ಯಯವಿಲ್ಲ, ವಿಭಕ್ತಿಯಿಲ್ಲ. ಮುಂದೆ ತಿನ್ನುವುದಾದರೆ ಕ್ರಿಯಾಪದದ ಮೊದಲು 'ಸಿ' ಎಂಬ ಸಣ್ಣ ಪದ. ತಿಂದಾಗಿದ್ದರೆ ಕೊನೆಗೆ 'ಲೇವ್'. ಜಪಾನಿಯರು ಪ್ರತ್ಯಯಗಳಿಗೆ ವಹಿಸಿದ ಹೊರೆಯನ್ನು ಲಾವೊ ಜನರು ಪದಗಳ ಅನುಕ್ರಮಕ್ಕೂ ಇಂಥ ಸಣ್ಣ ಪದಗಳಿಗೂ ವಹಿಸಿದ್ದಾರೆ. ಅರ್ಥವನ್ನು ಬೇರ್ಪಡಿಸಲು ಸ್ವರದ ಏರಿಳಿತವೂ ಬೇಕು. 'ಮಾ' ಎಂಬ ಒಂದೇ ಅಕ್ಷರ ಒಂದು ಸ್ವರದಲ್ಲಿ 'ಬಾ', ಇನ್ನೊಂದರಲ್ಲಿ 'ನಾಯಿ', ಮತ್ತೊಂದರಲ್ಲಿ 'ಕುದುರೆ'. ಬಾ ಎಂದು ಕರೆಯಹೋಗಿ ನಾಯಿ ಎಂದುಬಿಟ್ಟರೆ ಅತಿಥಿಯ ಗತಿಯೇನು! ಜಪಾನಿಯಲ್ಲಿಯೂ 'ಹಾಶಿ' ಎಂಬುದು ಸ್ವರ ಬದಲಾದರೆ ಊಟದ ಕಡ್ಡಿಯೂ ಆಗುತ್ತದೆ, ಸೇತುವೆಯೂ ಆಗುತ್ತದೆ. ಆದರೆ ಅಲ್ಲಿ ಸ್ವರಕ್ಕೆ ಅಷ್ಟು ಅಧಿಕಾರವಿಲ್ಲ.

ಹೀಗೆ ವಾಕ್ಯದಲ್ಲಿ ಜಪಾನಿ ನಮಗೆ ಹತ್ತಿರ, ಲಾವೊ ದೂರ. ಪದಗಳ ಉಗ್ರಾಣವನ್ನು ತೆರೆದರೆ ಈ ಲೆಕ್ಕ ತಲೆಕೆಳಗಾಗುತ್ತದೆ. ಲಾವೊ ನುಡಿಯಲ್ಲಿ ಭಾಷೆ 'ಫಾಸಾ', ಗುರು 'ಖೂ', ಆಹಾರ 'ಆಹಾನ್', ನಗರ 'ನಖೋನ್'. ಪದದ ಕೊನೆಯ ರಕಾರ ಅವರ ಬಾಯಲ್ಲಿ ನಕಾರವಾಗುತ್ತದೆ. ವಾರದ ಹೆಸರುಗಳನ್ನು ಕೇಳಿ: ಆಥಿತ್, ಚನ್, ಅಂಗ್‌ಖಾನ್, ಫುತ್, ಫಹತ್, ಸುಕ್, ಸಾವ್. ಆದಿತ್ಯ, ಚಂದ್ರ, ಅಂಗಾರಕ, ಬುಧ, ಬೃಹಸ್ಪತಿ, ಶುಕ್ರ, ಶನಿ ಎಲ್ಲರೂ ವೇಷ ಬದಲಿಸಿ ನಿಂತಿದ್ದಾರೆ. ಜಪಾನಿಯಲ್ಲಿಯೂ ಅದೇ ಏಳು ಗ್ರಹಗಳು ಅದೇ ಸಾಲಿನಲ್ಲಿವೆ. ಆದರೆ ಅವು ಚೀನಾದ ಅಂಗಿ ತೊಟ್ಟು ಬಂದವು: ಸೂರ್ಯ, ಚಂದ್ರ, ಬೆಂಕಿ, ನೀರು, ಮರ, ಚಿನ್ನ, ಮಣ್ಣು. ಚೀನೀಯರ ಎಣಿಕೆಯಲ್ಲಿ ಮಂಗಳ ಬೆಂಕಿಯ ನಕ್ಷತ್ರ, ಗುರು ಮರದ ನಕ್ಷತ್ರ.

ಲಿಪಿಯ ಕಥೆ ಇನ್ನೂ ಸ್ವಾರಸ್ಯವಾದುದು. ಲಾವೊ ಅಕ್ಷರಗಳು ಖ್ಮೇರ್ ಲಿಪಿಯ ಮೂಲಕ ದಕ್ಷಿಣ ಭಾರತದ ಪಲ್ಲವ ಲಿಪಿಯಿಂದ ಇಳಿದವು. ಆ ಲೆಕ್ಕದಲ್ಲಿ ಕದಂಬರ ಲಿಪಿಯಿಂದ ಬೆಳೆದ ನಮ್ಮ ಅಕ್ಷರಗಳಿಗೆ ಅವು ದಾಯಾದಿಗಳು. ಜಪಾನಿಯರು ಚೀನೀ ಚಿತ್ರಾಕ್ಷರಗಳನ್ನು ತಂದರು. ಅವುಗಳಿಂದಲೇ ತಮ್ಮ ಉಚ್ಚಾರಕ್ಕೆ ಒಗ್ಗುವ 'ಕಾನಾ' ಅಕ್ಷರಗಳನ್ನು ರೂಪಿಸಿಕೊಂಡರು. ಆ ಅಕ್ಷರಗಳನ್ನು ಜೋಡಿಸಿದ ಕ್ರಮ ಯಾವುದು ಬಲ್ಲಿರಾ? ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಇಲ್ಲಿನ ಸಕಾರ ಹಿಂದೆ ಚಕಾರಕ್ಕೆ ಹತ್ತಿರವಾಗಿತ್ತು, ಹಕಾರ ಪಕಾರವಾಗಿತ್ತು ಎಂದು ವಿದ್ವಾಂಸರು ಹೇಳುತ್ತಾರೆ. ಹಾಗೆ ಓದಿದರೆ ನಮ್ಮ ವರ್ಣಮಾಲೆಯ ಕ್ರಮವೇ ಎದುರಿಗೆ ನಿಲ್ಲುತ್ತದೆ! ಬೌದ್ಧ ಭಿಕ್ಷುಗಳು 'ಸಿದ್ಧಂ' ಎಂಬ ಭಾರತೀಯ ಲಿಪಿಯನ್ನು ಅಭ್ಯಾಸ ಮಾಡಿದ ಫಲವಿದು. ಅಂದು ಗಂಡಸರು ಪಾಂಡಿತ್ಯಕ್ಕಾಗಿ ಚೀನೀ ಭಾಷೆಯಲ್ಲಿ ಬರೆಯುತ್ತಿದ್ದರು. ಕಾನಾ ಹೆಂಗಸರ ಬರಹವೆನ್ನಿಸಿಕೊಂಡಿತ್ತು. ಆ ಮನೆಮಾತಿನ ಅಕ್ಷರದಲ್ಲಿಯೇ ಮುರಾಸಾಕಿ ಶಿಕಿಬು ಎಂಬ ಮಹಿಳೆ 11ನೆಯ ಶತಮಾನದ ಆದಿಯಲ್ಲಿ 'ಗೆಂಜಿ ಮೊನೊಗಾತಾರಿ'ಯನ್ನು ಬರೆದಳು. ಇಂದು ಜಪಾನಿನ ಹೆಮ್ಮೆ ಯಾವುದೆಂದರೆ ಮೊದಲು ಹೇಳುವ ಹೆಸರುಗಳಲ್ಲಿ ಅದೊಂದು.

ಮರ್ಯಾದೆಯ ವಿಷಯದಲ್ಲಿ ಮಾತ್ರ ಈ ಮೂರು ನುಡಿಗಳೂ ಒಂದೇ ಪಂಕ್ತಿಯಲ್ಲಿ ಕೂರುತ್ತವೆ. ಲಾವೊ 'ಖೊಯ್' ಎಂಬ ನಾನು ಮೂಲದಲ್ಲಿ ದಾಸ, 'ಚಾವ್' ಎಂಬ ನೀವು ಒಡೆಯ. ಜಪಾನಿ ಗಂಡಸರ 'ಬೊಕು' ಎಂಬ ನಾನು ಸೇವಕ, 'ಕಿಮಿ' ಎಂಬ ನೀನು ಪ್ರಭು. ಹಳೆಯ ಕಾಗದಗಳಲ್ಲಿ 'ತಮ್ಮ ವಿಧೇಯ' ಎಂದು ಸಹಿ ಹಾಕುತ್ತಿದ್ದ ನಮಗೆ ಇದು ಹೊಸದೇನಲ್ಲ. ಅಣ್ಣ-ತಮ್ಮ ಎಂಬ ಹಿರಿಕಿರಿಯ ಭೇದವೂ ಎರಡರಲ್ಲಿಯೂ ಉಂಟು. 'ಊಟವಾಯಿತೆ?' ಎಂದು ಕುಶಲ ಕೇಳುವುದು ಲಾವೊ ಜನರಿಗೂ ರೂಢಿ: 'ಕಿನ್ ಖಾವ್ ಲೇವ್ ಬೊ?'

ಇಷ್ಟರಿಂದ ನಮಗೆ ತೋರುವುದೇನು? ಪದಗಳನ್ನು ಕಡ ತಂದುದರಿಂದ ಯಾವ ಭಾಷೆಯೂ ಕೆಡಲಿಲ್ಲ. ಆದುದರಿಂದ ನಮ್ಮ ಮಕ್ಕಳ ಕನ್ನಡದಲ್ಲಿ ನಾಲ್ಕು ಮರಾಠಿ, ಹಿಂದಿ, ಇಂಗ್ಲಿಷ್ ಪದಗಳು ಸೇರಿದುವೆಂದು ನಾವು ಎದೆ ಬಡಿದುಕೊಳ್ಳಬೇಕಾಗಿಲ್ಲ. ಅಪಾಯವಿರುವುದು ಬೇರೆ ಕಡೆ. ಅದನ್ನೂ ಲಾವೊ ಜನರೇ ಕಲಿಸುತ್ತಾರೆ.

ಲಾವೊಸ್ ದೇಶದ ಒಟ್ಟು ಜನಸಂಖ್ಯೆ 1 ಕೋಟಿಗೂ ಕಡಮೆ. ಲಾವೊ ಮಾತನಾಡುವವರು ಅಲ್ಲಿಗಿಂತ ಹೆಚ್ಚಾಗಿ ಥಾಯ್ಲೆಂಡಿನ ಈಶಾನ್ಯ ಭಾಗದಲ್ಲಿದ್ದಾರೆ. ಆ ಸೀಮೆಯ ಹೆಸರೂ 'ಈಸಾನ್'. ನಮ್ಮ ಈಶಾನ್ಯವೇ ಅದು. 1893ರ ಒಪ್ಪಂದದಲ್ಲಿ ಮೆಕಾಂಗ್ ನದಿ ಗಡಿಯಾಯಿತು. ಒಂದು ದಡ ಫ್ರೆಂಚರಿಗೆ, ಇನ್ನೊಂದು ಸಯಾಮಿಗೆ. 1921ರಲ್ಲಿ ಸಯಾಮಿನಲ್ಲಿ ಕಡ್ಡಾಯ ಶಿಕ್ಷಣದ ಕಾಯಿದೆ ಬಂದಿತು. ಶಾಲೆಯ ಭಾಷೆ, ಲಿಪಿ ಎರಡೂ ಥಾಯ್. ಈಸಾನಿನ ತಾಯಂದಿರು ಇಂದಿಗೂ ಮಕ್ಕಳೊಡನೆ ಲಾವೊ ಮಾತನಾಡುತ್ತಾರೆ. ಹಾಡುಗಾರರು ಅದರಲ್ಲಿಯೇ ಹಾಡುತ್ತಾರೆ. ಆದರೆ ಪೂರ್ವಿಕರು 'ತಾಯ್ ನೊಯ್' ಎಂಬ ಹಳೆಯ ಲಿಪಿಯಲ್ಲಿ ಬರೆದಿಟ್ಟ ತಾಳೆಗರಿಯ ಕಟ್ಟುಗಳು ವಿಹಾರಗಳಲ್ಲಿ ಕೂತಿವೆ; ಬಿಚ್ಚಿ ಓದಬಲ್ಲವರು ವಿರಳ. ಯಾರೂ ಅವರ ನಾಲಗೆಯನ್ನು ಕಸಿಯಲಿಲ್ಲ. ಅಕ್ಷರ ತಪ್ಪಿತು, ಉಗ್ರಾಣಕ್ಕೆ ಬೀಗ ಬಿದ್ದಿತು.

ಕಳೆದ ಬೇಸಗೆಯಲ್ಲಿ ನಮ್ಮ ಮನೆಯ ಹಳೆಯ ಟ್ರಂಕನ್ನು ತೆಗೆದಾಗ ನಮ್ಮ ತಾಯಿಯವರು ಧಾರವಾಡದಿಂದ ಈ ಊರಿಗೆ ಬರೆದ ಕಾಗದಗಳ ಕಟ್ಟು ಸಿಕ್ಕಿತು. ಮೊಮ್ಮಗಳು ಅದನ್ನು ಕೈಗೆ ತೆಗೆದುಕೊಂಡು ತಿರುವಿ ಮುರುವಿ ನೋಡಿದಳು. "ಅಜ್ಜಾ, ಇದರಾಗ ಏನ್ ಬರದಾರ? ಓದಿ ಹೇಳು," ಎಂದಳು. ಅವಳ ಕನ್ನಡ ಅಚ್ಚ ಧಾರವಾಡದ ಕನ್ನಡ. ನಮ್ಮ ತಾಯಿಯವರ ಮಾತಿನ ಧಾಟಿಯೇ ಅದರಲ್ಲಿದೆ. ಆದರೆ ಮುತ್ತಜ್ಜಿಯ ಕಾಗದ ಅವಳಿಗೆ ತಾಳೆಗರಿಯಾಗಿತ್ತು. ನಾವು ಓದಿ ಹೇಳಿದೆವು. ಓದುತ್ತಿದ್ದಂತೆ ಗಂಟಲು ಕಟ್ಟಿತು. ಓದಿ ಹೇಳಲು ನಾವು ಎಷ್ಟು ದಿನ ಇದ್ದೇವು? ಈ ತಪ್ಪು ಮಗುವಿನದಲ್ಲ. ಮನೆಯಲ್ಲಿ ಮಾತನಾಡಿದರೆ ಸಾಕು ಎಂದು ಸುಮ್ಮನಿದ್ದ ನಮ್ಮದು.

ಅಂದಿನಿಂದ ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಅವಳೂ ನಾವೂ ಒಂದು ಪಾಟಿಯ ಮುಂದೆ ಕೂರುತ್ತೇವೆ. ಒತ್ತಕ್ಷರಗಳು ಅವಳನ್ನು ಇನ್ನೂ ಕಾಡುತ್ತಿವೆ. ಆದರೆ ಮೊನ್ನೆ ಮೊದಲ ಕಾಗದದ ಮೊದಲ ಸಾಲನ್ನು, "ಚಿರಂಜೀವಿಗೆ ಆಶೀರ್ವಾದಗಳು" ಎಂಬುದನ್ನು, ಯಾರ ನೆರವೂ ಇಲ್ಲದೆ ಕೂಡಿಸಿ ಓದಿದಳು. ಕಟ್ಟಿನಲ್ಲಿ ಇನ್ನೂ ಬಹಳ ಕಾಗದಗಳಿವೆ. ನಿಮ್ಮ ಮನೆಗಳ ಟ್ರಂಕುಗಳಲ್ಲಿಯೂ ಇದ್ದಾವು; ಇಂದು ಮನೆಗೆ ಹೋದ ಮೇಲೆ ತೆಗೆದು ನೋಡಿರಿ, ಮಕ್ಕಳ ಕೈಗೆ ಕೊಟ್ಟು ನೋಡಿರಿ ಎಂದಷ್ಟೇ ಬೇಡಿಕೊಂಡು ನಮ್ಮ ಮಾತನ್ನು ಮುಗಿಸುತ್ತೇವೆ.